ದಸರೆಗೆ ಬರುತ್ತೇನೆಂದ ಮಾತು

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಕೋಶ ಓದುವ ಭಾಗ್ಯ ನನಗೆ ಒಂಬತ್ತನೆಯ ವಯಸ್ಸಿನಲ್ಲಿಯೇ ಮಠದ ನೆರಳಿನಲ್ಲಿ ಒದಗಿತು. ದೇಶ ಸುತ್ತುವ ಯೋಗ ಮಾತ್ರ ಅಧ್ಯಾಪಕ ವೃತ್ತಿಯಿಂದ ನಿವೃತ್ತನಾದ ಮೇಲೆ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಕೂಡಿಬಂದಿತು. 2023ರ ಯುಗಾದಿಯನ್ನು ಮುಗಿಸಿಕೊಂಡು ಹೊರಟ ನಾವು ದಂಪತಿಗಳು 2024ರ ಮಹಾಶಿವರಾತ್ರಿಗೆ ಕೆಲವು ದಿನ ಮೊದಲು ಮರಳಿದೆವು. ಬಂದ ಮೇಲೆ ‘ಏನೇನು ನೋಡಿದಿರಿ?’ ಎಂದು ಕೇಳದವರಿಲ್ಲ. ನೋಡಿದ್ದನ್ನು ನಾನೂ ಸಭೆಗಳಲ್ಲಿ ಸಂತೋಷದಿಂದಲೇ ಹೇಳಿದ್ದೇನೆ. ಹೇಳದೆ ಉಳಿಸಿಕೊಂಡ ಸಂಗತಿಯೊಂದಿದೆ. ಅದನ್ನು ಈ ಪತ್ರಿಕೆಯ ಓದುಗ ಬಂಧುಗಳ ಮುಂದೆ ಇಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ವರ್ಷದ ಪ್ರವಾಸವೆಂದರೆ ಮೊದಲು ದಿನಗಳ ಲೆಕ್ಕಾಚಾರ. ಇಂಗ್ಲೆಂಡಿಗೆ ಸಂದರ್ಶಕರಾಗಿ ಹೋದವರು ಆರು ತಿಂಗಳು ಇರಬಹುದು. ಷೆಂಗೆನ್ ಒಪ್ಪಂದಕ್ಕೆ ಸೇರಿದ ಯುರೋಪಿನ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಗಳಿಗಿಂತ ಹೆಚ್ಚು ಇರುವಂತಿಲ್ಲ. ವಿಯೆಟ್ನಾಂ ದೇಶವು 2023ರ ಆಗಸ್ಟ್ 15ರಿಂದ 90 ದಿನಗಳ ಇ-ವೀಸಾ ಕೊಡಲು ಆರಂಭಿಸಿತು. ಇವೆಲ್ಲವನ್ನೂ ಪಂಚಾಂಗ ನೋಡಿ ಮುಹೂರ್ತ ಹೊಂದಿಸುವಂತೆ ಹೊಂದಿಸಿಕೊಂಡೆವು: ಮೊದಲು ಜಪಾನ್, ಆಮೇಲೆ ಲಾವೋಸ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಸ್ಪೇನ್, ಕೊನೆಗೆ ವಿಯೆಟ್ನಾಂ. ಇರುವ ಮನೆಯನ್ನು ಹನ್ನೊಂದು ತಿಂಗಳ ಕರಾರಿನ ಮೇಲೆ ಬಾಡಿಗೆಗೆ ಕೊಟ್ಟೆವು. ಆ ಬಾಡಿಗೆ, ನನ್ನ ನಿವೃತ್ತಿ ವೇತನ, ಇಷ್ಟು ವರ್ಷಗಳ ಉಳಿತಾಯ - ಇವೇ ನಮ್ಮ ಬಂಡವಾಳ. ತಲೆಗೊಂದು ಚೀಲ, ಅದರಲ್ಲಿ ನಾಲ್ಕು ಜೊತೆ ಬಟ್ಟೆ, ಔಷಧಿ, ಶೇಂಗಾ ಚಟ್ನಿಪುಡಿ. ಹೋಟೆಲುಗಳನ್ನು ಆದಷ್ಟು ದೂರವಿಟ್ಟು, ಒಲೆಯಿರುವ ಸಣ್ಣ ಕೋಣೆಗಳನ್ನು ಹಿಡಿದು ನಾವೇ ಅಡುಗೆ ಮಾಡಿಕೊಂಡೆವು.

ಹೊರಡುವ ಮುನ್ನ ಅಕ್ಕನ ಆಶೀರ್ವಾದ ಪಡೆಯಲು ಹೋದೆ. ನನಗಿಂತ ಹನ್ನೆರಡು ವರ್ಷ ಹಿರಿಯಳಾದ ಅವಳು, ನನ್ನ ಐದನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಾಗ ನನ್ನನ್ನು ಮಗನಂತೆ ಸಾಕಿದವಳು. ಕೈಹಿಡಿದು ಮಠದ ಬಾಗಿಲಿಗೆ ಕರೆತಂದು ಬಿಟ್ಟವಳೂ ಅವಳೇ. ಕೃಷ್ಣೆಯ ದಂಡೆಯ ನಮ್ಮ ಹಳ್ಳಿ ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಮೇಲೆ ಮಗನೊಂದಿಗೆ ಪುನರ್ವಸತಿ ಕೇಂದ್ರದಲ್ಲಿದ್ದಳು. ವರ್ಷಗಟ್ಟಲೆ ಹೋಗುತ್ತೇನೆಂದರೆ ಗಾಬರಿಯಾದಾಳು ಎಂದುಕೊಂಡು, ನಾಲ್ಕಾರು ತಿಂಗಳು ಮಾತ್ರವೆಂದು ಹೇಳಿದೆ.

“ಹಂಗಾದ್ರ ದಸರಿಗೆ ಬಂದ ಬರ್ತೀಯಲ್ಲೋ ತಮ್ಮಾ?” ಎಂದಳು.

“ಬರ್ತೀನಿ ಬಿಡ ಅಕ್ಕಾ, ಬನ್ನಿ ಕೊಡಾಕ ಬರದ ಇರ್ತೀನೇನ?” ಎಂದುಬಿಟ್ಟೆ.

ಮರಳುವ ದಿನ ಫೆಬ್ರುವರಿ ಕೊನೆಗೆ ಎಂಬುದು ಆಗಲೇ ನಿಶ್ಚಯವಾಗಿತ್ತು. ನಡೆ ನುಡಿ ಒಂದಾಗಿರಬೇಕೆಂದು ನಾಲ್ವತ್ತು ವರ್ಷ ಉಪನ್ಯಾಸ ಮಾಡಿದ ನಾಲಗೆಯೇ ಆ ಮಾತನ್ನಾಡಿತು. ಪಕ್ಕದಲ್ಲಿದ್ದ ನನ್ನ ಮನೆಯವಳು ನೆಲ ನೋಡುತ್ತ ನಿಂತಿದ್ದಳು.

ಜಪಾನಿನ ಶಿಕೊಕು ದ್ವೀಪದಲ್ಲಿ ಕೋಬೋ ದಾಯಿಶಿ ಎಂದು ಪೂಜೆಗೊಳ್ಳುವ ಕೂಕಾಯ್ (774-835) ಎಂಬ ಮಹಾತ್ಮನ ಹೆಸರಿನಲ್ಲಿ 88 ದೇವಾಲಯಗಳ ಯಾತ್ರೆಯೊಂದು ನಡೆಯುತ್ತದೆ. ಪೂರ್ತಿ ಸುತ್ತಿದರೆ ಸುಮಾರು 1,200 ಕಿಲೋಮೀಟರು. ನಮ್ಮ ಶಕ್ತಿಗೆ ಅಷ್ಟು ಸಾಧ್ಯವಿರಲಿಲ್ಲ. ಮೊದಲನೆಯದಾದ ರ‍್ಯೋಜೆನ್-ಜಿಯಿಂದ ಆರಂಭಿಸಿ, ಬಯಲಿನಲ್ಲಿರುವ ಹನ್ನೊಂದು ದೇವಾಲಯಗಳನ್ನು ನಿಧಾನವಾಗಿ ನಡೆದು ನೋಡಿದೆವು. ಹನ್ನೆರಡನೆಯದಕ್ಕೆ ಬೆಟ್ಟ ಹತ್ತಬೇಕಾದ್ದರಿಂದ ಅಲ್ಲಿಗೇ ಮುಗಿಸಿದೆವು.

ಎರಡನೆಯ ದಿನ ಹೊಲದ ಬದಿಯಲ್ಲಿ ವೃದ್ಧೆಯೊಬ್ಬಳು ಓಡಿಬಂದು ನನ್ನ ಕೈಗೆ ಎರಡು ಕಿತ್ತಳೆ ಹಣ್ಣುಗಳನ್ನಿಟ್ಟಳು. ನಾನು ನಮಸ್ಕರಿಸಿ ಹಿಂದಿರುಗಿಸಲು ಹೋದೆ. ಆಕೆಯ ಮುಖ ಬಾಡಿತು. “ತಗೋಳ್ರಿ, ಕೊಡಾಕ ಬಂದವರನ್ನ ಬರಿಗೈಲೆ ಕಳಸ್ತೀರೇನ?” ಎಂದು ನನ್ನ ಮನೆಯವಳು ಗದರಿದಳು. ಆ ರಾತ್ರಿ ತಂಗಿದ ಮನೆಯ ಯಜಮಾನ ವಿವರಿಸಿದ: ಯಾತ್ರಿಕರಿಗೆ ಹಣ್ಣು, ಚಹಾ, ನಾಣ್ಯ, ತಂಗುವ ತಾವು ಕೊಡುವ ಈ ಪದ್ಧತಿಗೆ ಒಸೆತ್ತಾಯ್ ಎಂದು ಹೆಸರು. ಅದನ್ನು ನಿರಾಕರಿಸಬಾರದು. ಯಾತ್ರಿಕನಿಗೆ ಕೊಟ್ಟದ್ದು ದಾಯಿಶಿಗೆ ಕೊಟ್ಟಂತೆ. ತಾವು ನಡೆಯಲಾರದವರು ನಡೆಯುವವನಿಗೆ ಕೊಟ್ಟು ಅವನ ಯಾತ್ರೆಯಲ್ಲಿ ಪಾಲುಗೊಳ್ಳುತ್ತಾರೆ. ಪಡೆದವನು ತನ್ನ ಹೆಸರು ಬರೆದ ಒಸಾಮೆಫುದಾ ಎಂಬ ಬಿಳಿಯ ಕಾಗದದ ಚೀಟಿಯನ್ನು ಪ್ರತಿಯಾಗಿ ಕೊಡಬೇಕು.

ನನಗೆ ನಾಚಿಕೆಯಾಯಿತು. ಬಾಲ್ಯದಲ್ಲಿ ಮಠದ ವಟುವಾಗಿ ಹೆಗಲಿಗೆ ಜೋಳಿಗೆ ಹಾಕಿಕೊಂಡು ಕಂತಿಭಿಕ್ಷೆಗೆ ಹೋದವನು ನಾನು. ಬಿಸಿ ರೊಟ್ಟಿ ಕೊಟ್ಟ ಮನೆಗಳ ಬಾಗಿಲುಗಳು ಇಂದಿಗೂ ನೆನಪಿವೆ. ಆಮೇಲೆ ಪಂಡಿತನೆನಿಸಿಕೊಂಡು ದಾಸೋಹದ ಮೇಲೆ ಮಾತನಾಡುತ್ತ, ಶಾಲು ಹಾರಗಳನ್ನು ಸ್ವೀಕರಿಸುತ್ತ, ಬರಿಗೈಯೊಡ್ಡಿ ಪಡೆಯುವುದನ್ನು ಮರೆತಿದ್ದೆ. ಗುರುತಿಲ್ಲದ ನಾಡಿನ ಒಬ್ಬ ರೈತಹೆಂಗಸು ಅದನ್ನು ಮತ್ತೆ ಕಲಿಸಿದಳು.

ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್ ಪಟ್ಟಣದಲ್ಲಿ ಈ ಪಾಠ ಮುಂದುವರಿಯಿತು. ಅಲ್ಲಿ ಪ್ರತಿದಿನ ನಸುಕಿನಲ್ಲಿ ಬೌದ್ಧಭಿಕ್ಷುಗಳು ಬರಿಗಾಲಲ್ಲಿ ಸಾಲಾಗಿ ಬರುತ್ತಾರೆ. ಬೀದಿಬದಿಯಲ್ಲಿ ಮೊಣಕಾಲೂರಿ ಕುಳಿತ ಗೃಹಸ್ಥರು ಬಿದಿರ ಬುಟ್ಟಿಯಿಂದ ಹಿಡಿ ಹಿಡಿಯಾಗಿ ಅಂಟನ್ನವನ್ನು ತೆಗೆದು ಅವರ ಪಾತ್ರೆಗೆ ಹಾಕುತ್ತಾರೆ. ಸಾಲಿನ ಕೊನೆಯಲ್ಲಿ ಬಡಮಕ್ಕಳು ಬುಟ್ಟಿಯಿಟ್ಟುಕೊಂಡು ಕುಳಿತಿದ್ದರು. ಭಿಕ್ಷುಗಳು ತಮಗೆ ಬಂದುದರಲ್ಲಿ ಒಂದಿಷ್ಟನ್ನು ಆ ಬುಟ್ಟಿಗಳಿಗೆ ಹಾಕಿ ಮುಂದೆ ನಡೆದರು. ಪಡೆದದ್ದು ಕೈಯಲ್ಲಿ ನಿಲ್ಲದೆ ಮುಂದಕ್ಕೆ ಹರಿಯಬೇಕೆಂಬುದನ್ನು ಮಾತಿಲ್ಲದೆ ಹೇಳುವ ದೃಶ್ಯವದು.

ಇಂಗ್ಲೆಂಡಿನಲ್ಲಿ ಹಳೆಯ ಶಿಷ್ಯರೊಬ್ಬರು ತಮ್ಮ ಮನೆಯಲ್ಲಿ ನಮ್ಮನ್ನು ಇರಿಸಿಕೊಂಡರು. ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ 2015ರ ನವೆಂಬರ್ 14ರಂದು ಅನಾವರಣಗೊಂಡ ಬಸವಣ್ಣನವರ ಪ್ರತಿಮೆಯ ದರ್ಶನ ಮಾಡಿಸಿದರು. ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿಗೂ ಇಟಲಿಗೂ ನಡುವೆ, 2,469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಕಣಿವೆಯಲ್ಲಿರುವ ಕ್ರೈಸ್ತ ಮಠದಲ್ಲಿ ಎರಡು ರಾತ್ರಿ ತಂಗಿದೆವು. ಹನ್ನೊಂದನೆಯ ಶತಮಾನದಿಂದಲೂ ಹಿಮದಲ್ಲಿ ದಾರಿ ತಪ್ಪಿದವರಿಗೆ ಆಶ್ರಯ ಕೊಡುತ್ತ ಬಂದ ಸ್ಥಾನವದು. ನಮ್ಮನ್ನು ಬರಮಾಡಿಕೊಂಡ ಸಾಧುಗಳು ಮೊದಲು ಕೇಳಿದ್ದು ಊಟವಾಗಿದೆಯೇ ಎಂದು. ಕುಲ, ದೇಶ, ಧರ್ಮಗಳ ವಿಚಾರಣೆ ಆಮೇಲೂ ಬರಲಿಲ್ಲ.

ಈ ನಡುವೆ ಪ್ರತಿ ಸೋಮವಾರ ಅಕ್ಕನಿಗೆ ದೂರವಾಣಿ ಮಾಡುತ್ತಿದ್ದೆ. ಅವಳ ಪ್ರಶ್ನೆಗಳು ಎರಡೇ: “ಉಂಡ್ಯಾ?” “ಅಲ್ಲಿ ಈಗ ಹೊತ್ತೆಷ್ಟು?” ಮೊದಮೊದಲು ದಸರೆಯ ಮಾತು ಬರುತ್ತಿತ್ತು. ಶ್ರಾವಣದ ನಂತರ ಅವಳು ಆ ಮಾತನ್ನು ಎತ್ತಲಿಲ್ಲ. ಮರೆತಿರಬೇಕೆಂದು ತಿಳಿದು ನಾನು ಹಗುರಾದೆ.

ಅಕ್ಟೋಬರಿನಲ್ಲಿ ಸ್ಪೇನಿನ ಸಾಂತಿಯಾಗೋ ಯಾತ್ರೆಯ ಕೊನೆಯ ಭಾಗವನ್ನು ನಡೆಯಲು ಸಾರಿಯಾ ಎಂಬ ಊರಿನಿಂದ ಹೊರಟೆವು. ಅಲ್ಲಿಂದ ಸಾಂತಿಯಾಗೋ ಸುಮಾರು 115 ಕಿಲೋಮೀಟರು. ಪ್ರಮಾಣಪತ್ರ ಬೇಕಾದವರು ಆಗ ಕೊನೆಯ ನೂರು ಕಿಲೋಮೀಟರನ್ನಾದರೂ ನಡೆದಿರಬೇಕಾಗಿತ್ತು. ದಾರಿಯುದ್ದಕ್ಕೂ ಕಲ್ಲು, ಗೋಡೆ, ಮರಗಳ ಮೇಲೆ ಹಳದಿ ಬಾಣದ ಗುರುತುಗಳು. ಎಲಿಯಾಸ್ ವಾಲಿನ್ಯಾ ಎಂಬ ಹಳ್ಳಿಯ ಪಾದ್ರಿಯೊಬ್ಬರು 1984ರಲ್ಲಿ ಬಣ್ಣದ ಡಬ್ಬಿ ಹಿಡಿದು ಈ ಗುರುತುಗಳನ್ನು ಹಾಕಲು ಆರಂಭಿಸಿದರಂತೆ. ಗುರುತಿಲ್ಲದ ಸಾವಿರಾರು ಜನರಿಗೆ ದಾರಿ ತೋರುವ ಕೆಲಸವನ್ನು ಒಬ್ಬ ಮನುಷ್ಯ ಕೈಗೆತ್ತಿಕೊಂಡದ್ದು ನನಗೆ ದೊಡ್ಡದೆನಿಸಿತು.

ಎರಡನೆಯ ಸಂಜೆ ಪೋರ್ತೊಮರಿನ್ ತಲುಪಿದೆವು. ಮೀನ್ಯೊ ನದಿಗೆ ಅಣೆಕಟ್ಟು ಕಟ್ಟಿದಾಗ, 1960ರ ದಶಕದಲ್ಲಿ, ಹಳೆಯ ಊರು ನೀರಿನಲ್ಲಿ ಮುಳುಗಿತು. ಜನರು ಗುಡ್ಡದ ಮೇಲೆ ಹೊಸ ಊರು ಕಟ್ಟಿಕೊಂಡರು. ಹಳೆಯ ಇಗರ್ಜಿಯ ಒಂದೊಂದು ಕಲ್ಲಿಗೂ ಅಂಕೆ ಬರೆದು, ಬಿಚ್ಚಿ, ಮೇಲೆ ಸಾಗಿಸಿ ಮರಳಿ ನಿಲ್ಲಿಸಿದರು. ನೀರು ಇಳಿದ ಕಾಲದಲ್ಲಿ ಹಳೆಯ ಊರಿನ ಗೋಡೆಗಳು ಇಂದಿಗೂ ಕಾಣುತ್ತವೆ. ಸೇತುವೆಯ ಮೇಲೆ ನಿಂತು ನೋಡುತ್ತ, “ಇದನ್ನ ಅಕ್ಕಗ ಹೇಳಬೇಕು” ಎಂದೆ. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಹಳ್ಳಿಯ ಗುಡಿಯ ಕಟ್ಟೆ ಕಾಣಿಸಿತೆಂದು ಅವಳು ಎಷ್ಟು ಸಲ ನಡೆದುಹೋಗಿ ನೋಡಿ ಬಂದಿದ್ದಳೋ!

ಆ ರಾತ್ರಿಯೇ ಸೋದರಳಿಯನ ಕರೆ ಬಂದಿತು. ಅಕ್ಕ ಸಂಜೆ ಪೂಜೆ ಮುಗಿಸಿ, ಊಟ ಮಾಡಿ ಮಲಗಿದವಳು ಏಳಲಿಲ್ಲ. “ಮಾಮಾ, ನೀವು ಬರೂತನಕ ಇಡಾಕ ಆಗೂದಿಲ್ಲರಿ” ಎಂದ. ದಸರೆಗೆ ಇನ್ನೂ ಕೆಲವು ದಿನಗಳಿದ್ದವು.

ಸಮಾಧಿಗೆ ತಲುಪುವುದು ಅಸಾಧ್ಯವೆಂಬುದು ನಿಜ. ಆದರೆ ಶಿವಗಣಾರಾಧನೆಗೆ ತಲುಪಬಹುದಿತ್ತು. “ಊರಿಗೆ ಹೋಗೂಣ್ರಿ” ಎಂದು ನನ್ನ ಮನೆಯವಳು ಅಂದಳು. ಮಣ್ಣಾದ ಮೇಲೆ ಹೋಗಿ ಮಾಡುವುದೇನು, ಲಿಂಗೈಕ್ಯಳಾದವಳಿಗೆ ದುಃಖವೇಕೆ ಎಂದೆಲ್ಲ ನಾನು ಶಾಸ್ತ್ರ ಹೇಳಿದೆ. ಟಿಕೆಟ್ಟುಗಳ ಹಣ ಮರಳಿ ಬಾರದೆಂಬ ಲೆಕ್ಕವೂ ಆ ಶಾಸ್ತ್ರದ ಹಿಂದೆ ಅಡಗಿತ್ತು. ನೂರಾರು ಮನೆಗಳ ಶಿವಗಣಾರಾಧನೆಯಲ್ಲಿ ನಿಂತು ಎರಡು ಸಾಂತ್ವನದ ಮಾತು ಹೇಳಿದವನು, ತನ್ನನ್ನು ಸಾಕಿದವಳ ಮನೆಗೆ ಹೋಗಲಿಲ್ಲ. ಸಾಂತಿಯಾಗೋ ತಲುಪಿದೆವು. ಲ್ಯಾಟಿನ್ ಭಾಷೆಯಲ್ಲಿ ನನ್ನ ಹೆಸರು ಬರೆದ ಪ್ರಮಾಣಪತ್ರವನ್ನೂ ಕೊಟ್ಟರು. ಅದನ್ನು ಬಿಚ್ಚಿ ನೋಡಲು ಮನಸ್ಸಾಗಲಿಲ್ಲ.

ವಿಯೆಟ್ನಾಮಿನ ಮೀ ಸೋನ್ ಕಣಿವೆಯಲ್ಲಿ ಚಂಪಾ ಅರಸರು ಕಟ್ಟಿಸಿದ ಶಿವಾಲಯಗಳಿವೆ. ಅವುಗಳಲ್ಲಿ ಶ್ರೇಷ್ಠವಾದ ಗೋಪುರವೊಂದು 1969ರ ಅಮೆರಿಕದ ಬಾಂಬು ದಾಳಿಯಲ್ಲಿ ನಾಶವಾಯಿತು. ಜೀರ್ಣೋದ್ಧಾರದಲ್ಲಿ ತೊಡಗಿದ್ದ ನಮ್ಮ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು 2020ರಲ್ಲಿ ಒಂಬತ್ತನೆಯ ಶತಮಾನದ ಏಕಶಿಲಾ ಶಿವಲಿಂಗವನ್ನು ಅಲ್ಲಿ ಮಣ್ಣಿನಡಿಯಿಂದ ಹೊರತೆಗೆದರು. ಸಂಸ್ಕೃತ ಓದಿದ ನನಗೆ ಅಲ್ಲಿನ ಶಾಸನಗಳೆದುರು ನಿಲ್ಲುವುದು ಬಹುದಿನಗಳ ಆಸೆಯಾಗಿತ್ತು. ಆ ದಿನ ಮಾತ್ರ ಒಂದಕ್ಷರವೂ ಮನಸ್ಸಿಗೆ ಇಳಿಯಲಿಲ್ಲ. ಸೋಮವಾರವಾಗಿತ್ತು, ದೂರವಾಣಿ ಮಾಡಲು ಯಾರೂ ಇರಲಿಲ್ಲ.

ಊರಿಗೆ ಬಂದವನೇ ಸೋದರಳಿಯನ ಮನೆಗೆ ಹೋದೆ. ದಸರೆಯ ವಿಷಯದಲ್ಲಿ ಅಕ್ಕನಿಗೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಂಡೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ಅವ್ವಗ ಮೊದಲ ಗೊತ್ತಿತ್ತರೀ ಮಾಮಾ. ‘ಹನ್ನೊಂದು ತಿಂಗಳಿಗೆ ಮನಿ ಬಾಡಿಗಿ ಕೊಟ್ಟಾಂವ ದಸರಿಗೆ ಬಂದು ಎಲ್ಲಿ ಇಳೀತಾನ? ನನಗ ಹೇಳಾಕ ಅಂಜ್ಯಾನ. ನೀವೂ ಯಾರೂ ಕೇಳಬ್ಯಾಡ್ರಿ, ನೆಮ್ಮದೀಲೆ ತಿರಗಿ ಬರಲಿ’ ಅಂದಿದ್ಲು.”

ನಾನು ಮಾತನಾಡಲಾರದೆ ಕುಳಿತೆ. ಶ್ರಾವಣದ ನಂತರ ಅವಳೇಕೆ ದಸರೆಯ ಮಾತೆತ್ತಲಿಲ್ಲವೆಂಬುದು ಆಗ ತಿಳಿಯಿತು. ಶಿಕೊಕು ದ್ವೀಪದ ವೃದ್ಧೆ ಕೊಟ್ಟ ಕಿತ್ತಳೆಗೆ ಹೆಸರಿನ ಚೀಟಿಯನ್ನೂ ಕೊಡದೆ ಬಂದಿದ್ದೆ. ಅಕ್ಕ ನನಗೆ ಇಡೀ ಒಂದು ವರ್ಷವನ್ನೇ ಕೊಟ್ಟಿದ್ದಳು. ಪಡೆದಿದ್ದೇನೆಂಬ ಅರಿವೂ ನನಗಿರಲಿಲ್ಲ. ಊರೂರು ತಿರುಗಿದ್ದರಿಂದ ನಾನು ಜಂಗಮನಾದೆನೆಂದು ಒಳಗೊಳಗೇ ಬೀಗಿದ್ದುಂಟು. ಪುನರ್ವಸತಿ ಕೇಂದ್ರದ ಎರಡು ಕೋಣೆಯ ಮನೆ ಬಿಟ್ಟು ಕದಲದ ಅವಳ ಅರಿವು ನನ್ನದಕ್ಕಿಂತ ಬಹುದೂರ ನಡೆದಿತ್ತು.

ಪ್ರವಾಸ ಹೋಗಬೇಡಿರೆಂದು ನಾನು ಹೇಳಲಾರೆ. ನಿವೃತ್ತರಾದವರು ಕೈಕಾಲು ಗಟ್ಟಿಯಿರುವಾಗ ಅವಶ್ಯ ಹೋಗಿ ಬರಬೇಕು. ಆರೋಗ್ಯ ವಿಮೆ, ವೀಸಾ, ಔಷಧಿಗಳ ವಿಷಯದಲ್ಲಿ ಎಚ್ಚರ ವಹಿಸಬೇಕು. ಅದಕ್ಕಿಂತ ಮೊದಲು, ಮನೆಯಲ್ಲಿ ಉಳಿಯುವ ಹಿರಿಯರೆದುರು ಕುಳಿತು ಹೋಗುವ ದಿನ, ಬರುವ ದಿನ ಎರಡನ್ನೂ ನಿಜವಾಗಿ ಹೇಳಬೇಕು. ಅವರು ಅತ್ತಾರು, ಬೇಡವೆಂದಾರು. ಆ ಅಳುವನ್ನು ಕೇಳಿಸಿಕೊಂಡೇ ಹೊರಡಬೇಕು. ನಡುವೆ ಕರೆ ಬಂದರೆ ಹಣದ ಲೆಕ್ಕ ಹಾಕದೆ ಮರಳಬೇಕು. ಸಾಂತಿಯಾಗೋ ಇನ್ನೊಂದು ವರ್ಷವೂ ಅಲ್ಲಿಯೇ ಇರುತ್ತದೆ.

2024ರ ದಸರೆಯಂದು ನಾವಿಬ್ಬರೂ ಅಕ್ಕನ ಸಮಾಧಿಗೆ ಹೋಗಿ ಬನ್ನಿಯ ಎಲೆಗಳನ್ನಿಟ್ಟು ನಮಸ್ಕರಿಸಿದೆವು. ಜಪಾನಿನಿಂದ ತಂದ ಬಿಳಿಯ ಚೀಟಿಯೊಂದು ನನ್ನ ಪುಸ್ತಕದಲ್ಲಿ ಉಳಿದಿತ್ತು. ಅದರ ಮೇಲೆ ಕನ್ನಡದಲ್ಲಿ ನನ್ನ ಹೆಸರು ಬರೆದು ಆ ಎಲೆಗಳ ಕೆಳಗಿಟ್ಟು ಬಂದೆ.