ಎಂಟು ಗಂಟೆಯ ಗುಳಿಗೆ

ನಮ್ಮ ಮನೆಯಲ್ಲಿ ಹೊತ್ತು ಹೇಳುವವು ಎರಡು. ಒಂದು ಅಡುಗೆಮನೆಯ ಗೋಡೆಯ ಮೇಲಿನ ಗಡಿಯಾರ. ಅದು ಯಾವಾಗಲೂ ಐದು ನಿಮಿಷ ಮುಂದೆ. ಮಾಸ್ತರಿಕೆ ಮಾಡುವವರ ಮನೆಯಲ್ಲಿ ಗಡಿಯಾರ ಹಾಗೆಯೇ ಇರಬೇಕು, ಇಲ್ಲದಿದ್ದರೆ ಪ್ರಾರ್ಥನೆಯ ಗಂಟೆ ತಪ್ಪುತ್ತದೆ. ಇನ್ನೊಂದು ನಮ್ಮ ಅತ್ತೆಯವರು. ಅವರಿಗೆ ಗಡಿಯಾರ ನೋಡಲು ಬರುವುದಿಲ್ಲ. ಅಂಗಳದ ಕಟ್ಟೆಯ ಮೇಲೆ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿ ಹೊತ್ತು ಹೇಳುತ್ತಾರೆ. 2022ರ ಮಳೆಗಾಲದಲ್ಲಿ ಇವೆರಡರ ಜೊತೆಗೆ ಮೂರನೆಯದೊಂದು ಬಂತು: ಒಂದು ಸಣ್ಣ ಗುಳಿಗೆ. ಅಲ್ಲಿಂದ ಮೂರು ವರ್ಷ ನಮ್ಮ ಮನೆಯ ಊಟ, ನಿದ್ದೆ, ಜಗಳ ಎಲ್ಲವೂ ಅದರ ಹೊತ್ತಿಗೇ ನಡೆದವು.

ಗುಳಿಗೆ ನಮ್ಮ ಸಣ್ಣಾಕಿಯದು. ನನಗೆ ಮೂವತ್ತೊಂಬತ್ತು ತುಂಬಿದ ಮೇಲೆ ಹುಟ್ಟಿದ ಮಗಳು. ಅಣ್ಣ ಪುಣೆಯಲ್ಲಿ ನೌಕರಿಗೆ ಹೋದ ಮೇಲೆ ಮನೆಯಲ್ಲಿ ಉಳಿದ ಒಂದೇ ಕೂಸು. ಜಾಣೆ. ಕತೆ ಹೇಳಿದರೆ ಬಾಯಿ ತೆರೆದು ಕೇಳುವಳು. ಆದರೆ ಪೆನ್ಸಿಲ್ ಕಳೆದಳು, ಕೊಡೆ ಕಳೆದಳು, ಒಮ್ಮೆ ಒಂದು ಕಾಲಿನ ಚಪ್ಪಲಿ ಕಳೆದುಕೊಂಡು ಬಂದಳು. ಅರ್ಧ ಬರೆದ ನೋಟುಬುಕ್ಕುಗಳು, ಅರ್ಧ ಆಡಿದ ಮಾತುಗಳು. ತರಗತಿಯಲ್ಲಿ ಗದ್ದಲವಿಲ್ಲ, ಓಡಾಟವಿಲ್ಲ. ಸುಮ್ಮನೆ ಕಿಟಕಿಯ ಆಚೆಗೆ ಹೋಗಿಬಿಡುವಳು. ಓಡಾಡುವ ಗಂಡು ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ. ಸುಮ್ಮನೆ ಕುಳಿತ ಹುಡುಗಿಯ ಮನಸ್ಸು ಎಲ್ಲಿದೆ ಎಂದು ಯಾರು ನೋಡುತ್ತಾರೆ? ಅಂಕಪಟ್ಟಿಯಲ್ಲಿ ‘ಲಕ್ಷ್ಯ ಸಾಲದು’ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ಆ ಎರಡು ಮಾತನ್ನು ನಾನು ಎಷ್ಟು ಮಕ್ಕಳ ಪಟ್ಟಿಯಲ್ಲಿ ಬರೆದಿದ್ದೇನೋ, ಲೆಕ್ಕವಿಲ್ಲ.

ಎಂಟನೆಯ ತರಗತಿಯಲ್ಲಿ ಆಕೆ ಅಳಲು ಶುರು ಮಾಡಿದಳು. “ಅವ್ವಾ, ನಾ ಬೇಕಂತ ಮಾಡಂಗಿಲ್ಲ” ಎನ್ನುವಳು. ರಾತ್ರಿ ಬಸ್ಸು ಹಿಡಿದು ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿ ಎರಡು ದಿನ ಮಾತನಾಡಿಸಿದರು, ಬರೆಸಿದರು. ತಾಯಿಯ ಅಭಿಪ್ರಾಯ ಬೇರೆ, ಶಿಕ್ಷಕರ ಅಭಿಪ್ರಾಯ ಬೇರೆ ಬೇಕು ಎಂದರು. ನಮ್ಮಲ್ಲಿ ಎರಡೂ ನಾನೇ! ಕೊನೆಗೆ ಗಣಿತದ ಸರ್ ಅವರಿಂದ ಬರೆಸಿಕೊಂಡು ಬಂದೆ. ಎ.ಡಿ.ಎಚ್.ಡಿ. ಎಂದರು. ಗಮನದ ಕೊರತೆ, ಕೆಲವರಲ್ಲಿ ಅದರ ಜೊತೆಗೆ ಅತಿ ಚಟುವಟಿಕೆ. ಇದು ಸೋಮಾರಿತನವಲ್ಲ, ಬೆಳೆಸಿದ್ದರಲ್ಲಿ ಆದ ತಪ್ಪೂ ಅಲ್ಲ, ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ ಎಂದು ತಿಳಿಸಿ ಹೇಳಿದರು.

ಅತ್ತೆಯವರಿಗೆ ಮಾತ್ರ ಸಮಾಧಾನವಾಗಲಿಲ್ಲ. “ಹೆಣ್ಣ ಹುಡುಗಿಗೆ ತಲೀ ಗುಳಗಿ ಅಂದ್ರ ಊರಾಗ ಏನಂತಾರವಾ? ನಾಳೆ ಆಕೀನ ಯಾರ ಮಾಡ್ಕೋತಾರ?” ಎಂದರು. ನಾನು ಸಿಟ್ಟಿನಿಂದ ಉತ್ತರ ಕೊಟ್ಟೆ. ಆದರೆ ಅದೇ ಅಂಜಿಕೆ ನನ್ನ ಹೊಟ್ಟೆಯಲ್ಲೂ ಇತ್ತು ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಗುಳಿಗೆಯ ಹೆಸರು ಮೀಥೈಲ್‌ಫೆನಿಡೇಟ್. ಎಷ್ಟು ಮಿಲಿಗ್ರಾಂ ಎಂದು ನಾನು ಬರೆಯುವುದಿಲ್ಲ. ಒಬ್ಬರ ಪ್ರಮಾಣ ಇನ್ನೊಬ್ಬರಿಗೆ ಆಗದು. ಇದು ತಲೆನೋವಿನ ಗುಳಿಗೆಯಂತೆ ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ. ಕಾನೂನಿನಲ್ಲಿ ಷೆಡ್ಯೂಲ್ ಎಕ್ಸ್ ಎಂಬ ಪಟ್ಟಿಗೆ ಸೇರಿದ್ದು. ಮಾರಲು ಬೇರೆ ಲೈಸನ್ಸು ಬೇಕು, ವೈದ್ಯರ ಚೀಟಿ ಎರಡು ಪ್ರತಿ ಇರಬೇಕು, ಅಂಗಡಿಯವರು ಒಂದು ಪ್ರತಿಯನ್ನು ಎರಡು ವರ್ಷ ಇಟ್ಟುಕೊಳ್ಳಬೇಕು. ಹೀಗಾಗಿ ನಮ್ಮ ಮನೆಯವರು ತಿಂಗಳಿಗೊಮ್ಮೆ ಹೊಲದ ಕೆಲಸ ಬಿಟ್ಟು ಆಲಮೇಲದಿಂದ ಸಿಂದಗಿ, ಸಿಂದಗಿಯಿಂದ ವಿಜಯಪುರ ಎಂದು ಬಸ್ಸು ಹತ್ತುತ್ತಿದ್ದರು. ಮುಂದಿನ ತೋರಿಸುವಿಕೆಯೂ ವಿಜಯಪುರದ ಮನೋವೈದ್ಯರಲ್ಲೇ ಆಯಿತು. ಡಬ್ಬಿಯಲ್ಲಿ ಐದು ಗುಳಿಗೆ ಉಳಿದಾಗ ಊರಿಗೆ ಹೊರಡಬೇಕು ಎಂಬುದು ನಮ್ಮ ಕರಾರು. ಎರಡು ಉಳಿದಾಗ ಹೊರಟು, ಆ ದಿನ ಅಂಗಡಿಯಲ್ಲಿ ಮಾಲು ಇಲ್ಲದೆ ಬರಿಗೈಯಲ್ಲಿ ಬಂದು ಕಲಿತ ಪಾಠ ಅದು.

ಮೊದಲು ಕೊಟ್ಟದ್ದು ಸಾಮಾನ್ಯ ಗುಳಿಗೆ. ನುಂಗಿ ಅರ್ಧ-ಮುಕ್ಕಾಲು ತಾಸಿಗೆ ಕೆಲಸ ಶುರು, ಮೂರು-ನಾಲ್ಕು ತಾಸಿಗೆ ಮುಗಿಯಿತು. ಬೆಳಿಗ್ಗೆ ಒಂದು, ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಂದು. ಮೊದಲ ವಾರವೇ ಆಕೆ ಒಂದು ಪಾಠ ಪೂರ್ತಿ ಬರೆದುಕೊಂಡು ಬಂದಳು. ನಾನು ಆ ನೋಟುಬುಕ್ಕನ್ನು ದೇವರ ಮುಂದೆ ಇಟ್ಟೆ. ಆದರೆ ಮಧ್ಯಾಹ್ನದ ಗುಳಿಗೆ ನನ್ನ ಬ್ಯಾಗಿನಲ್ಲಿ. ಆಕೆ ನಮ್ಮದೇ ಶಾಲೆ. ಒಂದು ಗಂಟೆಗೆ ಸರಿಯಾಗಿ ನಾನು ಒಬ್ಬ ಹುಡುಗನನ್ನು ಕಳಿಸಿ ಸ್ಟಾಫ್ ರೂಮಿಗೆ ಕರೆಸುತ್ತಿದ್ದೆ. ನನಗೆ ಹೊತ್ತು ತಪ್ಪಬಾರದು, ಅಷ್ಟೇ. ಒಂದು ತಿಂಗಳಿಗೆ ತರಗತಿಯ ಮಕ್ಕಳಿಗೆ ಎಲ್ಲ ಗೊತ್ತಾಯಿತು. ಗಂಟೆ ಬಾರಿಸಿತೆಂದರೆ “ಗುಳಗಿ ಬಂತು, ಗುಳಗಿ ಬಂತು” ಎಂದು ಹಿಂದಿನ ಬೆಂಚಿನಿಂದ ದನಿ. ಆಕೆ ನನಗೆ ಹೇಳಲಿಲ್ಲ. ಬ್ಯಾಗಿನ ತಳದಲ್ಲಿ ಕರವಸ್ತ್ರದಲ್ಲಿ ಕಟ್ಟಿಟ್ಟ ಒಂಬತ್ತು ಗುಳಿಗೆ ಸಿಕ್ಕಾಗ ನನಗೆ ತಿಳಿಯಿತು. ನನ್ನ ಮುಂದೆ ಬಾಯಿಗೆ ಹಾಕಿಕೊಂಡು, ಹೊರಗೆ ಹೋಗಿ ಉಗುಳುತ್ತಿದ್ದಳು.

ವೈದ್ಯರ ಮುಂದೆ ನಾನು ದೂರು ಹೇಳಿದೆ. ಅವರು ಬೈಯಲಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆ ಬರೆದುಕೊಟ್ಟರು. ಬೆಳಿಗ್ಗೆ ಒಂದೇ ಸಲ, ಎಂಟು ತಾಸಿನ ಆಸುಪಾಸು ಕೆಲಸ. ಅಗಿಯಬಾರದು, ಪುಡಿ ಮಾಡಬಾರದು. ತೂಕ, ಎತ್ತರ, ನಾಡಿ, ರಕ್ತದೊತ್ತಡ ಆಗಾಗ ನೋಡಬೇಕು ಎಂದರು. ಈ ಔಷಧಿಯನ್ನು 1944ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಲಿಯಾಂಡ್ರೋ ಪಾನಿಜೋನ್ ಎಂಬ ರಸಾಯನ ವಿಜ್ಞಾನಿ ಮೊದಲು ತಯಾರಿಸಿದರಂತೆ. ಅದಕ್ಕೆ ರಿಟಾಲಿನ್ ಎಂದು ಹೆಸರು ಬಂದದ್ದು ಅವರ ಹೆಂಡತಿ ರೀಟಾ ಅವರಿಂದ. ನಾನು ಇದನ್ನು ಮಗಳಿಗೆ ಹೇಳಿದಾಗ, “ನಮ್ಮ ಅಪ್ಪಾ ಮಾಡಿದ್ರ ನಿನ್ನ ಹೆಸರಿಡತಿದ್ದ ಏನವ್ವಾ?” ಎಂದು ಎಷ್ಟೋ ದಿನಗಳ ಮೇಲೆ ನಕ್ಕಳು.

ಎಂಟು ಗಂಟೆಗೆ ಗುಳಿಗೆ. ಅದಕ್ಕೂ ಮೊದಲು ಹೊಟ್ಟೆ ತುಂಬಬೇಕು, ಏಕೆಂದರೆ ಒಳಗೆ ಹೋದ ಮೇಲೆ ಹಸಿವು ಸಾಯುತ್ತದೆ. ಮಧ್ಯಾಹ್ನದ ಡಬ್ಬಿ ಹೋದ ಹಾಗೆಯೇ ವಾಪಸು ಬರುವುದು. ಇದನ್ನು ಮೊದಲು ಅರಿತವರು ನಮ್ಮ ಅತ್ತೆಯವರು. ಏಳಕ್ಕೇ ಎಬ್ಬಿಸಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಮುಂದಿಡುವರು. ರಾತ್ರಿ ಒಂಬತ್ತಕ್ಕೆ ಆಕೆಗೆ ನಿಜವಾದ ಹಸಿವು. ಎಲ್ಲರ ಊಟ ಮುಗಿದು ಒಲೆ ಆರಿಸಿದ ಮೇಲೂ ಎಂಬತ್ತರ ಸಮೀಪದ ಮುದುಕಿ ಎದ್ದು ಮತ್ತೆ ಎರಡು ರೊಟ್ಟಿ ಬಡಿಯುವರು. “ಯಾರ ಮಾಡ್ಕೋತಾರ” ಎಂದ ಅದೇ ಬಾಯಿ ಈಗ, “ಐದಾತಂದ್ರ ಇಳೀತದ ನೋಡವಾ ಆಕೀ ಗುಳಗಿ. ಆಗ ಆಕೀನ ಕೆಣಕಬ್ಯಾಡ” ಎಂದು ನನಗೆ ಹೇಳತೊಡಗಿತು. ನಾನು ಕೇಳಲಿಲ್ಲ.

ನನ್ನ ದಿನಚರಿ ಬೇರೆ ಇತ್ತು. ಐದಕ್ಕೆ ಮನೆಗೆ ಬಂದು ಚಹಾ ಕುಡಿದ ಕೂಡಲೇ, “ತಗಿ ಪುಸ್ತಕ.” ಆಕೆ ಪುಸ್ತಕ ಒಗೆಯುವಳು, ಬಾಗಿಲು ಬಡಿಯುವಳು, ಅಳುವಳು. ಶಾಲೆಯಲ್ಲಿ ಎಲ್ಲರೂ ಹೊಗಳುವ ಹುಡುಗಿ ಮನೆಗೆ ಬಂದರೆ ಹೀಗೇಕೆ? ನನಗೆ ಸೊಕ್ಕು ಎನಿಸಿತು.

2024ರ ಜನವರಿಯಲ್ಲಿ ಗಣಿತದ ಕಿರುಪರೀಕ್ಷೆಯ ಹಿಂದಿನ ಸಂಜೆ ನಾನು ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಕಪಾಟಿನಲ್ಲಿ ಮೊದಲಿನ ಸಾಮಾನ್ಯ ಗುಳಿಗೆಗಳು ಉಳಿದಿದ್ದವು. ವೈದ್ಯರನ್ನು ಕೇಳಲಿಲ್ಲ, ಮನೆಯವರಿಗೆ ಹೇಳಲಿಲ್ಲ. ಆರು ಗಂಟೆಗೆ ಒಂದು ಕೊಟ್ಟೆ. ಆಕೆ ಎಂಟೂವರೆಯವರೆಗೆ ಚೆನ್ನಾಗಿ ಓದಿದಳು. ನಾನು ಬೀಗಿದೆ. ಊಟ ಬೇಡವೆಂದಳು. ಹನ್ನೊಂದಾದರೂ ನಿದ್ದೆಯಿಲ್ಲ, ಒಂದಾದರೂ ಇಲ್ಲ. ಕಬ್ಬಿನ ಹಂಗಾಮು; ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ರಾತ್ರಿಯಿಡೀ ಹೋಗುತ್ತಿದ್ದವು. ಕತ್ತಲಲ್ಲಿ ಆಕೆ ಅವನ್ನು ಎಣಿಸುತ್ತಿದ್ದಳು. “ನಲವತ್ತೊಂದು ಆದುವವ್ವಾ, ನನ್ನ ಎದಿ ಡಬಡಬ ಅಂತದ” ಎಂದಳು. ನಾನು ಆಕೆಯ ಎದೆಯ ಮೇಲೆ ಕೈಯಿಟ್ಟುಕೊಂಡು ಮೂರು ಗಂಟೆಯವರೆಗೆ ಕುಳಿತೆ. ಅಷ್ಟು ಹೆದರಿಕೆ ಆಕೆಯನ್ನು ಹೆರುವಾಗಲೂ ಆಗಿರಲಿಲ್ಲ. ಮರುದಿನ ಬಂದ ಅಂಕ ಇಪ್ಪತ್ತಕ್ಕೆ ನಾಲ್ಕು.

ಮರುದಿನ ಸಂಜೆ, ನಾನು ಏನೋ ಸಮಾಧಾನ ಹೇಳಹೋದಾಗ ಆಕೆ ಅಂದಳು: “ಅವ್ವಾ, ನನ್ನ ಚಲೋ ಹೊತ್ತೆಲ್ಲಾ ಸಾಲಿಗೆ ಕೊಡಸ್ತಿ. ಉಳದದ್ದು ಮನೀಗೆ ತರತೀನಿ. ಆ ಉಳದದ್ದಕ್ಕ ನೀ ಬೈತಿ. ಚಲೋ ಹೊತ್ತಿನ್ಯಾಗ ನಿನ್ನ ಕೂಡ ಒಂದಿನಾನೂ ಕುಂತಿಲ್ಲ ನಾ.”

ನಾನು ಮಾತನಾಡಲಿಲ್ಲ. ಆಕೆ ಹೇಳಿದ್ದು ನಿಜ. ಗುಳಿಗೆ ಎಂಟು ತಾಸು ಸಾಲ ಕೊಡುತ್ತದೆ. ಆ ತಾಸುಗಳನ್ನು ಯಾರಿಗೆ ಹಂಚಬೇಕೆಂದು ನಾನೊಬ್ಬಳೇ ತೀರ್ಮಾನಿಸಿದ್ದೆ. ಎಲ್ಲವನ್ನೂ ಶಾಲೆಗೆ, ಸರ್‌ಗಳಿಗೆ, ಅಂಕಗಳಿಗೆ ಬರೆದುಕೊಟ್ಟಿದ್ದೆ. ಗುಳಿಗೆ ಇಳಿಯುವ ಹೊತ್ತಿಗೆ ಸಿಡುಕು ಬರುವುದುಂಟು ಎಂದು ವೈದ್ಯರು ಮೊದಲೇ ಹೇಳಿದ್ದರು. ಆ ಹೊತ್ತನ್ನೇ ಆರಿಸಿಕೊಂಡು ನಾನು ಪುಸ್ತಕ ತೆಗೆಸುತ್ತಿದ್ದೆ.

ಮುಂದಿನ ಸಲ ವಿಜಯಪುರಕ್ಕೆ ಹೋದಾಗ ನನ್ನ ತಪ್ಪನ್ನು ಒಪ್ಪಿಕೊಂಡೆ. “ಟೀಚರ್, ಮುಂಜಾನಿ ಪ್ರಾರ್ಥನಾ ರಾತ್ರಿ ಮಾಡಸ್ತೀರೇನ್ರಿ?” ಎಂದು ವೈದ್ಯರು ನಕ್ಕರು. ಆಮೇಲೆ ನಗು ಬಿಟ್ಟು, ಉಳಿದ ಗುಳಿಗೆಗಳನ್ನು ಮನೆಯಲ್ಲಿ ಇಡಬಾರದು, ತಮ್ಮನ್ನು ಕೇಳದೆ ಒಂದೂ ಹೆಚ್ಚು ಕೊಡಬಾರದು ಎಂದು ಗಟ್ಟಿಯಾಗಿಯೇ ಹೇಳಿದರು. ನಂತರ ನನ್ನನ್ನು ಬಿಟ್ಟು ಮಗಳನ್ನೇ ಕೇಳಿದರು. ಎಷ್ಟಕ್ಕೆ ಹತ್ತುತ್ತದೆ, ಎಷ್ಟಕ್ಕೆ ಇಳಿಯುತ್ತದೆ, ಯಾವಾಗ ಹಸಿವು, ಯಾವಾಗ ಅಳು, ಒಂದು ವಾರ ಬರೆದುಕೊಂಡು ಬಾ ಎಂದರು. ಯಾವ ನೋಟುಬುಕ್ಕನ್ನೂ ಮುಗಿಸದ ಹುಡುಗಿ ಆ ನೋಟುಬುಕ್ಕನ್ನು ಮುಗಿಸಿದಳು.

ಗುಳಿಗೆ ಬದಲಾಗಲಿಲ್ಲ, ಮನೆಯ ವೇಳಾಪತ್ರಿಕೆ ಬದಲಾಯಿತು. ಐದರಿಂದ ಏಳರವರೆಗೆ ಯಾರೂ ಏನೂ ಕೇಳುವಂತಿಲ್ಲ. ಆಕೆ ಸೈಕಲ್ ತೆಗೆದುಕೊಂಡು ಹೊಲಕ್ಕೆ ಹೋಗುವಳು, ಇಲ್ಲವೇ ಆಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗುವಳು. ರಾತ್ರಿ ಉಂಡ ಮೇಲೆ ಹಗುರವಾದ ಓದು, ಇಪ್ಪತ್ತು ನಿಮಿಷ ಓದಿ ಐದು ನಿಮಿಷ ಎದ್ದು ತಿರುಗುವುದು. ಕಷ್ಟದ ಗಣಿತ ರಜೆಯ ದಿನ ಮುಂಜಾನೆ ಒಂಬತ್ತರ ಮೇಲೆ. ಶನಿವಾರ ಬೆಳಗಿನ ಶಾಲೆ, ಗುಳಿಗೆ ಏಳಕ್ಕೇ. ಶಾಲೆ ಬಿಟ್ಟ ಮೇಲೂ ಅದರ ಎರಡು-ಮೂರು ತಾಸು ಉಳಿದಿರುತ್ತಿದ್ದವು. ಆ ಹೊತ್ತು ಪುಸ್ತಕಕ್ಕಲ್ಲ, ನಮಗೆ ಎಂದು ಗೊತ್ತು ಮಾಡಿಕೊಂಡೆವು. ಇಬ್ಬರೂ ಕಟ್ಟೆಯ ಮೇಲೆ ಕುಳಿತು ಮೆಂತೆ ಪಲ್ಯ ಸೋಸುತ್ತ ಮಾತನಾಡುವೆವು. ಹದಿನಾಲ್ಕು ವರ್ಷದಲ್ಲಿ ಆಕೆ ನನಗೆ ಒಂದು ಕತೆಯನ್ನು ಕೊನೆಯವರೆಗೆ ಹೇಳಿದ್ದು ಅಂಥ ಒಂದು ಶನಿವಾರ.

2025ರ ಮಾರ್ಚಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ. ರಜೆಯ ದಿನಗಳಲ್ಲಿ ಅದೇ ಹೊತ್ತಿಗೆ ಗುಳಿಗೆ ಕೊಟ್ಟು, ಅದೇ ಹೊತ್ತಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸಲು ಕೂರಿಸಿ ಅಭ್ಯಾಸ ಮಾಡಿಸಿದ್ದೆವು. ಪಾಸಾದಳು. ರ‍್ಯಾಂಕು ಬರಲಿಲ್ಲ, ಬರಬೇಕೆಂದು ನಾನೂ ಕೇಳಲಿಲ್ಲ.

ಈಗ ತರಗತಿಯಲ್ಲಿ ಹಿಂದಿನ ಬೆಂಚನ್ನು ನಾನು ಬೇರೆ ರೀತಿ ನೋಡುತ್ತೇನೆ. ಎಷ್ಟೋ ವರ್ಷಗಳ ಹಿಂದೆ ಒಬ್ಬ ಹುಡುಗನನ್ನು ದಿನಾಲೂ ಬಾಗಿಲ ಹೊರಗೆ ನಿಲ್ಲಿಸುತ್ತಿದ್ದೆ. ಏಳನೆಯ ತರಗತಿಗೇ ಶಾಲೆ ಬಿಟ್ಟ. ಅವನ ಹೆಸರು ನೆನಪಿದೆ, ಬರೆಯಲಾರೆ. ಚಂಚಲ ಮಕ್ಕಳಿಗೆಲ್ಲ ಗುಳಿಗೆ ಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ವೈದ್ಯರು. ಆದರೆ ‘ಲಕ್ಷ್ಯ ಸಾಲದು’ ಎಂದು ಬರೆಯುವ ಮೊದಲು ಆ ತಾಯಿಯನ್ನು ಕರೆಸಿ ಮಾತನಾಡುತ್ತೇನೆ. ಎಲ್ಲಿ ಕೇಳಬೇಕೆಂದು ತಿಳಿಯದವರಿಗೆ ಸರಕಾರದ ಟೆಲಿ ಮಾನಸ್‌ನ 14416 ಎಂಬ ಸಂಖ್ಯೆ ಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಶುರುವಾದದ್ದು; ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು.

ಜೂನಿನಲ್ಲಿ ಮಗಳು ಪಿಯುಸಿಗೆಂದು ವಿಜಯಪುರದ ಹಾಸ್ಟೆಲ್ ಸೇರಿದಳು. ಗುಳಿಗೆಯ ಡಬ್ಬಿ ಆಕೆಯ ಟ್ರಂಕಿನಲ್ಲಿ, ಕೀಲಿ ಆಕೆಯ ಕೊರಳಲ್ಲಿ. ಪರೀಕ್ಷೆಯ ಹೊತ್ತಿಗೆ ಒಬ್ಬ ಗೆಳತಿ, “ಓದೂ ಗುಳಗಿ ನನಗೂ ಒಂದು ಕೊಡ” ಎಂದಳಂತೆ. “ಇದು ಪೆಪ್ಪರಮಿಂಟ್ ಅಲ್ಲ” ಎಂದು ಕಳಿಸಿದಳಂತೆ. ನಮ್ಮಿಬ್ಬರ ಕರಾರು ಇಷ್ಟು: ಮುಂಜಾನೆ ಎಂಟಕ್ಕೆ ಗುಳಿಗೆ ನುಂಗಿ ಒಂದು ಮಿಸ್ ಕಾಲ್ ಕೊಡಬೇಕು. ನಾನು ಎತ್ತುವಂತಿಲ್ಲ.

ಮೊನ್ನೆ ಎಂಟಾಯಿತು, ಎಂಟೂ ಹತ್ತಾಯಿತು, ಫೋನು ಸುಮ್ಮನಿತ್ತು. ಅತ್ತೆಯವರು ಕಟ್ಟೆಯ ಬಿಸಿಲು ನೋಡಿ, “ಹೊತ್ತಾತಲ್ಲವಾ” ಎಂದರು. ನಾನು ಎಂಟೂವರೆಯವರೆಗೆ ಹಲ್ಲು ಕಚ್ಚಿ ತಡೆದೆ. ಆಮೇಲೆ ಫೋನು ಮಾಡಿದೆ.

“ಗುಳಗಿ ತಗೊಂಡೀನವ್ವಾ, ಎಂಟಕ್ಕ. ನಿನಗ ಕಾಲ್ ಮಾಡೂದು ಮರತೆ” ಎಂದಳು.

ಗುಳಿಗೆ ಮರೆತಿರಲಿಲ್ಲ, ನನ್ನನ್ನು ಮರೆತಿದ್ದಳು. ಫೋನು ಇಟ್ಟು ಚಹಾಕ್ಕೆ ನೀರಿಟ್ಟೆ. ಕಣ್ಣು ಯಾಕೆ ತುಂಬಿತೆಂದು ಅತ್ತೆಯವರು ಕೇಳಿದರು. ಹೊಗೆ ಎಂದೆ. ನಮ್ಮದು ಗ್ಯಾಸಿನ ಒಲೆ ಎಂಬುದು ಅವರಿಗೂ ಗೊತ್ತು.