ಯಾರೂ ಕೇಳದ ಪ್ಲಗಿನ್

ಸಣ್ಣ ಗ್ರಂಥಾಲಯಗಳ ಪುಸ್ತಕಪಟ್ಟಿಗೆಂದು ನಾನು ಪೈಥಾನಿನಲ್ಲಿ ಬರೆಯುತ್ತಿರುವ ಓಪನ್ ಸೋರ್ಸ್ ಫ್ರೇಮ್‌ವರ್ಕ್ ಇನ್ನೂ ಹೊರಗೆ ಬಂದಿಲ್ಲ. ಕೇಳಿದವರಿಗೆಲ್ಲ ‘ಒಂದೆರಡು ಫೀಚರ್ ಬಾಕಿ’ ಅನ್ನುತ್ತೇನೆ. ಸುಳ್ಳೇನಲ್ಲ. ಆದರೆ ಆ ಒಂದೆರಡು ಯಾವುವು ಎಂದರೆ ಪ್ರತಿ ಸಲ ಬೇರೆಯದೇ ಹೆಸರು ಬಾಯಿಗೆ ಬರುತ್ತದೆ.

ಫೀಚರುಗಳ ಪಟ್ಟಿ ಮುಂದಿಟ್ಟುಕೊಂಡು, ಇದು ಯಾರಿಗೆ ಬೇಕು ಎಂದು ಒಂದೊಂದರ ಎದುರೂ ಬರೆಯುತ್ತ ಹೋದೆ. ಪ್ಲಗಿನ್ ವ್ಯವಸ್ಥೆಯ ಹತ್ತಿರ ಪೆನ್ನು ನಿಂತಿತು. ನನ್ನ ಕೋಡ್ ಮುಟ್ಟದೆಯೇ ಬೇರೆಯವರು ತಮ್ಮ ತುಣುಕುಗಳನ್ನು ಜೋಡಿಸಿಕೊಳ್ಳುವ ಏರ್ಪಾಡು ಅದು. ಬರೆಯುವಾಗ ಆದ ಖುಷಿ ಬೇರಾವ ಭಾಗದಲ್ಲೂ ಆಗಿಲ್ಲ. ಆದರೆ ಇನ್ನೂ ಹೊರಗೇ ಬಾರದ ಸಾಫ್ಟ್‌ವೇರಿಗೆ ಪ್ಲಗಿನ್ ಬರೆಯುವವರು ಎಲ್ಲಿಂದ ಬಂದಾರು? ಅಷ್ಟು ರಾತ್ರಿ ನಿದ್ದೆಗೆಟ್ಟು ನಾನು ಬರೆದದ್ದು ಗ್ರಂಥಪಾಲಕರಿಗಲ್ಲ, ಕೋಡ್ ತೆರೆದು ನೋಡಿ ತಲೆದೂಗಬಹುದಾದ ನನ್ನಂಥದೇ ನಾಲ್ಕು ಜನ ಪ್ರೋಗ್ರಾಮರುಗಳಿಗೆ.

ನಿಜವಾಗಿ ಕಾಯುತ್ತಿರುವವರು ಧಾರವಾಡದ ಕಡೆಯ ಒಬ್ಬ ಗ್ರಂಥಪಾಲಕರು. ಹಿಂದೆ ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪಾಗಿದ್ದ ಅವರ ಪಟ್ಟಿ ಯೂನಿಕೋಡಿಗೆ ಪರಿವರ್ತನೆಯಾಗಿ ಬಂದಿತ್ತು. ಪ್ರಯೋಗಕ್ಕೆಂದು ಕೊಟ್ಟ ಪ್ರತಿಯಲ್ಲಿ ಹೊಸ ಪುಸ್ತಕಗಳನ್ನು ಅವರೇ ಸೇರಿಸಿದ್ದರು. ಒಂದು ದಿನ ಫೋನು: “ಸರ, ಕೋಟೆ ಅಂತ ಹೊಡದ್ರ ಅರ್ಧಾ ಪುಸ್ತಕ ಬರ್ತಾವ, ಇನ್ನರ್ಧಾ ಬರಂಗಿಲ್ರೀ.”

‘ಕೋ’ ಎಂಬುದನ್ನು ಯೂನಿಕೋಡಿನಲ್ಲಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿ ಕೂಡಿಸಬಹುದು. ‘ಕ’ದ ಜೊತೆ ಓತ್ವದ ಒಂದೇ ಚಿಹ್ನೆ ಹಾಕಬಹುದು. ಇಲ್ಲವೇ ಒತ್ವ ಹಾಕಿ, ಅದರ ಮುಂದೆ ದೀರ್ಘವನ್ನು ಬಿಡಿಯಾಗಿ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಮಾತ್ರ ಬೇರೆ ಬೇರೆ. ಎಲ್ಲವನ್ನೂ ಒಂದೇ ರೂಪಕ್ಕೆ ತರಲು ಎನ್‌ಎಫ್‌ಸಿ ಎಂಬ ಕ್ರಮವಿದೆ, ಪೈಥಾನಿನಲ್ಲಿ ಒಂದು ಸಾಲಿನ ಕೆಲಸ. ನನ್ನ ಪಟ್ಟಿಯಲ್ಲಿ ಅದು ತಳದಲ್ಲೆಲ್ಲೋ ಬಿದ್ದಿತ್ತು. ಒಂದು ಸಾಲಿನಲ್ಲಿ ಜಾಣತನ ತೋರಿಸುವುದೆಲ್ಲಿಂದ?

ಅದನ್ನು ಮಾತ್ರ ಮುಂದೂಡುವಂತಿಲ್ಲ. ಹತ್ತು ಗ್ರಂಥಾಲಯಗಳಲ್ಲಿ ಒಂದೇ ಹೆಸರು ಎರಡು ರೂಪದಲ್ಲಿ ಕೂತು, ಆ ಹೆಸರುಗಳಿಂದಲೇ ಕೊಂಡಿಗಳೂ ಹುಟ್ಟಿಕೊಂಡ ಮೇಲೆ ತಿದ್ದಲು ಹೊರಟರೆ ಅವರ ದಾಖಲೆಗಳಿಗೇ ಕೈಹಾಕಬೇಕಾಗುತ್ತದೆ. ಪ್ಲಗಿನ್ ಮುಂದಿನ ವರ್ಷ ಬಂದರೆ ಯಾರ ಗಂಟೂ ಹೋಗುವುದಿಲ್ಲ.

ಯಾವುದು ಮೊದಲು, ಯಾವುದು ಆಮೇಲೆ ಎಂಬ ವಿಷಯದಲ್ಲಿ ಪೈಥಾನಿನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋ ಅದೃಷ್ಟವಂತ. ಅಮೆರಿಕದ ಕಾನ್ಸಸ್‌ನಲ್ಲಿ ಲಾರೆನ್ಸ್ ಜರ್ನಲ್-ವರ್ಲ್ಡ್ ಎಂಬ ಪತ್ರಿಕೆಯ ವೆಬ್ ವಿಭಾಗದಲ್ಲಿ 2003ರಲ್ಲಿ ಹುಟ್ಟಿತು, ಸಾರ್ವಜನಿಕರಿಗೆ ಸಿಕ್ಕಿದ್ದು 2005ರಲ್ಲಿ. ಯಾವುದು ಬೇಕು, ಯಾವುದು ಬೇಡ ಎಂದು ಸುದ್ದಿಮನೆಯ ಗಡುವೇ ಹೇಳುತ್ತಿತ್ತು. ಹಾಗಾಗಿ ಪತ್ರಕರ್ತರು ಮಾಹಿತಿ ತುಂಬುವ ಅಡ್ಮಿನ್ ಪುಟ ಮೊದಲಿಂದಲೂ ಇತ್ತು. ಡೇಟಾಬೇಸಿನ ರಚನೆ ಬದಲಾದಾಗ ಅದನ್ನು ಸಾಗಿಸುವ ಮೈಗ್ರೇಶನ್, ಈಗ ಇಲ್ಲದಿದ್ದರೆ ನಾವು ಮೂಗು ಮುರಿಯುವಂಥದ್ದು, ಜ್ಯಾಂಗೋದೊಳಕ್ಕೆ ಬಂದದ್ದು 2014ರ 1.7 ಆವೃತ್ತಿಯಲ್ಲಿ. ಅಲ್ಲಿಯವರೆಗೆ ಸೌತ್ ಎಂಬ ಹೊರಗಿನ ತಂತ್ರಾಂಶ ಆ ಕೆಲಸ ನೋಡಿಕೊಳ್ಳುತ್ತಿತ್ತು.

‘0.1 ಎಂದು ಹಾಕಿ ಬಿಟ್ಟುಬಿಡು, ಆಮೇಲೆ ಏನು ಬೇಕಾದರೂ ಬದಲಿಸಬಹುದು’ ಎಂದು ಗೆಳೆಯರು ಹೇಳುತ್ತಾರೆ. ರೂಢಿಯ ಪ್ರಕಾರ ಸರಿ. ಆದರೆ ನನಗೆ ಮೇಕ್‌ಫೈಲಿನ ಟ್ಯಾಬ್ ನೆನಪಾಗುತ್ತದೆ. ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಪ್ರೋಗ್ರಾಮ್ ಕಟ್ಟುವ ಮೇಕ್ ಎಂಬ ಸಾಧನ ಬರೆದಾಗ ಆಜ್ಞೆಯ ಸಾಲು ಟ್ಯಾಬಿನಿಂದ ಶುರುವಾಗಬೇಕೆಂದು ಇಟ್ಟರು. ಅದು ಸರಿಹೋಗದು ಎಂದು ಹೊಳೆಯುವ ಹೊತ್ತಿಗೆ ಬಳಸುವವರು ಡಜನ್‌ನಷ್ಟು ಜನ ಆಗಿದ್ದರು, ಹೆಚ್ಚಿನವರು ಸ್ನೇಹಿತರು. ಅವರಿಗೆ ತೊಂದರೆ ಕೊಡಲು ಮನಸ್ಸಾಗಲಿಲ್ಲ. ಇವತ್ತಿಗೂ ಟ್ಯಾಬಿನ ಜಾಗದಲ್ಲಿ ಸ್ಪೇಸ್ ಹೊಡೆದು ಬೈಸಿಕೊಳ್ಳದ ಪ್ರೋಗ್ರಾಮರ್ ಕಡಿಮೆ. ಆವೃತ್ತಿಯ ಸಂಖ್ಯೆ ಚಿಕ್ಕದಿದ್ದ ಮಾತ್ರಕ್ಕೆ ದಾಕ್ಷಿಣ್ಯ ಚಿಕ್ಕದಾಗುವುದಿಲ್ಲ.

ಇದೆಲ್ಲ ಗೊತ್ತಿದ್ದೂ ಪಟ್ಟಿ ಯಾಕೆ ಬೆಳೆಯುತ್ತಿದೆ? ‘ಯಾವಾಗ ಬಿಡ್ತೀರಿ?’ ಎಂದು ಕೇಳಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ. ಬಿಟ್ಟ ಮೇಲೆ ‘ಇದ್ಯಾಕೆ ಹೀಗೆ?’ ಎಂದು ಕೇಳಿಸಿಕೊಳ್ಳಬೇಕು. ಒಂದೊಂದು ಹೊಸ ಫೀಚರ್ ಸೇರಿಸಿದಾಗಲೂ ತಡಕ್ಕೊಂದು ಮರ್ಯಾದೆಯ ಕಾರಣ ಸಿಗುತ್ತದೆ. ನನಗೆ ಸೋಮಾರಿ ಅನ್ನಿಸಿಕೊಳ್ಳುವುದು ಬೇಡ, ಶ್ರದ್ಧಾವಂತ ಅನ್ನಿಸಿಕೊಳ್ಳಬೇಕು.

ಸದ್ಯಕ್ಕೆ ಮೊದಲ ಬಿಡುಗಡೆಗೆ ಉಳಿದಿರುವವು: ಅಕ್ಷರಗಳನ್ನು ಒಂದೇ ರೂಪಕ್ಕೆ ತರುವುದು, ಡೇಟಾಬೇಸಿನಲ್ಲಿ ರಚನೆಯ ಆವೃತ್ತಿ ಸಂಖ್ಯೆ ಇಡುವುದು, ಬಳಸುವವರಿಗೆ ಬೇಡವೆನಿಸಿದ ದಿನ ಇಡೀ ಪುಸ್ತಕಪಟ್ಟಿಯನ್ನು ಸಿಎಸ್‌ವಿ ಮಾಡಿಕೊಂಡು ಹೊರಟುಹೋಗುವ ದಾರಿ. ಕೊನೆಯದಕ್ಕೆ ನನ್ನ ಅಹಂ ಎಲ್ಲಕ್ಕಿಂತ ಹೆಚ್ಚು ತಕರಾರು ತೆಗೆಯಿತು. ಪ್ಲಗಿನ್ ಕೋಡನ್ನು ಬೇರೆ ಬ್ರಾಂಚಿಗೆ ಸರಿಸಿದ್ದೇನೆ. ಅಳಿಸಿಲ್ಲ.

ಮೊನ್ನೆ ಗ್ರಂಥಪಾಲಕರು ಇನ್ನೊಂದು ಕೇಳಿದರು: “ಸರ, ಪುಸ್ತಕದ ಬೆನ್ನಿಗೆ ಹಚ್ಚೋ ಚೀಟಿ ಪ್ರಿಂಟ್ ಬರ್ತದೇನ್ರೀ?” ಆಮೇಲೆ ಸೇರಿಸಿದರೂ ಏನೂ ಕೆಡುವುದಿಲ್ಲ, ನನ್ನ ಲೆಕ್ಕದಲ್ಲಿ ಕಾಯಬಹುದಾದದ್ದೇ. ಆದರೂ “ಹಾಕ್ತೀನಿ ಸರ್” ಅಂದುಬಿಟ್ಟೆ. ಬಳಸುವವರೊಬ್ಬರು ಬಾಯಿಬಿಟ್ಟು ಕೇಳಿದ ಫೀಚರ್ ಇದು, ಅದಕ್ಕೇ ಒಪ್ಪಿದೆ ಎಂದುಕೊಂಡಿದ್ದೇನೆ. ಬಿಡುಗಡೆ ಇನ್ನೊಂದು ವಾರ ಮುಂದೆ ಹೋಯಿತಲ್ಲ ಎಂಬ ಹಗುರದ್ದೂ ಅದರಲ್ಲಿ ಎಷ್ಟು ಪಾಲಿತ್ತೋ, ಇನ್ನೂ ಬಿಡಿಸಿ ನೋಡಿಲ್ಲ.