ಸೀತಾಳೆ ದಂಡೆಗೆ ಮನೆಮದ್ದು



ನಮ್ಮ ಮಲೆನಾಡಿನವರಿಗೆ ಸೀತಾಳೆ ದಂಡೆಯ ಪರಿಚಯ ಮಾಡಿಸಬೇಕಾಗಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಮಾವು, ಹಲಸಿನ ಕೊಂಬೆಗಳಿಂದ ಜಡೆಯ ಹಾಗೆ ಇಳಿಬೀಳುವ ಹೂವು ಅದು. ಬಿಳಿಯ ಎಸಳು, ಮೇಲೆ ನೇರಳೆ ಚುಕ್ಕೆ. ಸೀತಾಮಾತೆ ಮುಡಿದ ಹೂವು ಎಂದು ಹಿರಿಯರು ಹೇಳುತ್ತಾರೆ. ಇದು ಆರ್ಕಿಡ್ ಕುಟುಂಬದ ಗಿಡ. ವಿಜ್ಞಾನದಲ್ಲಿ ಇದರ ಹೆಸರು ರಿಂಕೋಸ್ಟೈಲಿಸ್ ರೆಟ್ಯೂಸ. ದೂರದ ಅಸ್ಸಾಮಿನಲ್ಲಿ ಬಿಹು ಹಬ್ಬಕ್ಕೆ ಕುಣಿಯುವ ಹೆಣ್ಣುಮಕ್ಕಳು ಇದೇ ಹೂವನ್ನು ಮುಡಿಯುತ್ತಾರೆ. ಅಸ್ಸಾಂ ಮತ್ತು ಅರುಣಾಚಲ ಪ್ರದೇಶ ಎರಡಕ್ಕೂ ಇದು ರಾಜ್ಯಪುಷ್ಪ. ನಮ್ಮಲ್ಲಿ ಮಾತ್ರ ಎಷ್ಟೋ ಜನ "ಬಂದಳಿಕೆ" ಅಂತ ಕಿತ್ತು ಒಗೀತಾರೆ. ಇದು ಬಂದಳಿಕೆ ಅಲ್ಲ. ಬಂದಳಿಕೆ ಮರದೊಳಗೆ ಬೇರು ಇಳಿಸಿ ಮರದ ಸಾರವನ್ನೇ ಹೀರುತ್ತದೆ. ಸೀತಾಳೆ ಮರದ ಮೇಲೆ ಬರೀ ಕೂತಿರುತ್ತದೆ. ಗಾಳಿ, ಮಳೆ, ತೊಗಟೆಯ ಮೇಲಿನ ಧೂಳು, ಇಷ್ಟೇ ಅದರ ಊಟ.

ನಮ್ಮ ಮನೆಯ ಜಗಲಿಯಲ್ಲಿ ಒಂದು ಸೀತಾಳೆ ದಂಡೆ ಇದೆ. ಅದು ಅಜ್ಜಿಯದು. ಅಜ್ಜಿಯ ತವರೂರು ಶರಾವತಿ ಹೊಳೆಯ ದಂಡೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಹಿನ್ನೀರು ನಿಂತಾಗ ಆ ಊರು ಮುಳುಗಿತು. ಆಗ ಅಜ್ಜಿಗೆ ಹತ್ತು ವರ್ಷ. ಮನೆಯ ಹೆಂಚು, ಪಕಾಸಿ, ಬಾಗಿಲು ಎಲ್ಲಾ ಬಿಚ್ಚಿ ಗಾಡಿಗೆ ಹೇರುವಾಗ ಅಜ್ಜಿಯ ಅಪ್ಪ ಅಂಗಳದ ಮಾವಿನ ಮರದಿಂದ ಒಂದು ಸೀತಾಳೆಯನ್ನು ತೊಗಟೆ ಸಮೇತ ಬಿಡಿಸಿಕೊಂಡು ಬಂದರಂತೆ. ಮುಂದೆ ಅದರ ಬುಡದಲ್ಲಿ ಒಂದು ಮರಿ ಹುಟ್ಟಿತು. ಅಜ್ಜಿ ಮದುವೆಯಾಗಿ ಈ ಮನೆಗೆ ಬರುವಾಗ ಆ ಮರಿಯನ್ನು ಬಾಳೆನಾರಿನಲ್ಲಿ ಸುತ್ತಿ ತಂದರು. ಈಗ ಅಜ್ಜಿಯ ತವರಿನದು ಅಂತ ನಮ್ಮ ಮನೆಯಲ್ಲಿ ಉಳಿದಿರುವುದು ಅದೊಂದೇ. ಒಂದು ಹಳೇ ಹಲಸಿನ ತುಂಡಿಗೆ ಕಟ್ಟಿ, ಜಗಲಿಯ ಸೂರಿನಿಂದ ತೂಗುಹಾಕಿದ್ದೇವೆ.

ಕಳೆದ ಬೇಸಿಗೆಯಲ್ಲಿ ಅದಕ್ಕೆ ಕಾಯಿಲೆ ಬಂತು. ಎಲೆ ಮೇಲೆ ಹಳದಿ ಚುಕ್ಕೆ ಕಾಣಿಸಿತು. ಮುಟ್ಟಿದರೆ ಅಂಟಂಟು. ಕೆಳಗಿನ ಎಲೆಗಳ ಮೇಲೆ ಮಸಿ ಬಳಿದ ಹಾಗೆ ಕಪ್ಪು ಬೂಷ್ಟು. ಹಗ್ಗದ ಮೇಲೆ ಇರುವೆಗಳ ಸಾಲು. ಚಿಕ್ಕಪ್ಪ ನೋಡಿ, "ಇದಕ್ಕೆ ಹುಳ ಬಿದ್ದಿದೆ. ತೋಟಕ್ಕೆ ತಂದ ಔಷಧಿ ಒಂಚೂರು ಉಳಿದಿದೆ, ಒಂದು ಸಲ ಹೊಡೆದ್ರೆ ಎಲ್ಲಾ ಸಾಯ್ತದೆ" ಅಂದರು. ಅವರು ಹೇಳಿದ್ದು ಗಿಡ ಉಳಿಯಲಿ ಅಂತಲೇ. ಆದರೆ ಅಮ್ಮ ಒಪ್ಪಲಿಲ್ಲ. ನನ್ನ ತಮ್ಮನಿಗೆ ಇನ್ನೂ ಎರಡು ವರ್ಷ. ಜಗಲಿಯೇ ಅವನ ಮನೆ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ. "ತೊಟ್ಟಿಕ್ಕೋದು ಎಲ್ಲಿಗೆ? ಕೂಸು ಅಂಬೆಗಾಲಿಡೋ ಜಾಗಕ್ಕೆ. ಬ್ಯಾಡ ಭಾವ" ಅಂದರು.

ನಾವು ಕೀಟನಾಶಕಕ್ಕೂ "ಔಷಧಿ" ಅಂತಲೇ ಅನ್ನುತ್ತೇವೆ. ಜ್ವರಕ್ಕೆ ಕೊಡುವುದೂ ಔಷಧಿ, ಹುಳಕ್ಕೆ ಹೊಡೆಯುವುದೂ ಔಷಧಿ. ಹೆಸರು ಒಂದೇ ಆದ್ದರಿಂದ ಭಯ ಹೋಗಿಬಿಟ್ಟಿದೆ. ದಕ್ಷಿಣ ಕನ್ನಡದ ಕೊಕ್ಕಡ ಸುತ್ತಿನ ಗೇರು ತೋಟಗಳ ಮೇಲೆ ಎಂಡೋಸಲ್ಫಾನ್ ಸಿಂಪಡಿಸಿದ್ದರ ನೋವನ್ನು ಅಲ್ಲಿಯ ಮನೆಗಳು ಇವತ್ತಿಗೂ ಅನುಭವಿಸುತ್ತಿವೆ. ಸುಪ್ರೀಂ ಕೋರ್ಟು ಅದನ್ನು ನಿಷೇಧಿಸಿದ್ದು 2011ರಲ್ಲಿ. ತೋಟದ ವಿಷಕ್ಕೆ ತೋಟದ ಲೆಕ್ಕ ಇರುತ್ತದೆ: ಇಷ್ಟು ನೀರಿಗೆ ಇಷ್ಟು, ಇಂಥ ಬೆಳೆಗೆ, ಇಷ್ಟು ದಿನ ಮುಟ್ಟಬಾರದು ಅಂತ. ಜಗಲಿಯಲ್ಲಿ ನೇತಾಡುವ ಒಂದು ಗಿಡಕ್ಕೆ ಆ ಲೆಕ್ಕ ಹೊಂದುವುದಿಲ್ಲ.

ಹಾಗಾದರೆ ಏನು ಮಾಡುವುದು? ನಮ್ಮ ವಿಜ್ಞಾನದ ಮೇಷ್ಟ್ರು ಒಂದೇ ಮಾತು ಹೇಳಿದರು: "ಮೊದಲು ನೋಡು. ಏನು ಅಂತ ಗೊತ್ತಾಗದೆ ಮದ್ದು ಮಾಡಬೇಡ." ಶಾಲೆಯ ಭೂತಗನ್ನಡಿಯನ್ನು ಎರಡು ದಿನಕ್ಕೆ ಕೊಟ್ಟರು. ಎಲೆಯ ಅಡಿಯಲ್ಲಿ, ಎಲೆ ಕಾಂಡಕ್ಕೆ ಸೇರುವ ಸಂದಿಯಲ್ಲಿ, ರಾಗಿ ಕಾಳು ಅಂಟಿಸಿದ ಹಾಗೆ ಕಂದು ಬಣ್ಣದ ಚಿಪ್ಪುಗಳು ಇದ್ದವು. ಅವೇ ಶಲ್ಕ ಕೀಟಗಳು. ಚಿಪ್ಪಿನ ಕೆಳಗೆ ಕೂತು ಸೂಜಿಯಂಥ ಬಾಯಿಂದ ರಸ ಹೀರುತ್ತವೆ. ಹೀರಿದ್ದು ಹೆಚ್ಚಾಗಿ ಸಿಹಿ ಅಂಟು ಹೊರಗೆ ಬರುತ್ತದೆ. ಆ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಸಿಹಿಗೆ ಇರುವೆ ಬರುತ್ತವೆ. ಇರುವೆಗಳು ಈ ಕೀಟಗಳನ್ನು ನಾವು ದನ ಸಾಕಿದ ಹಾಗೆ ಕಾಯುತ್ತವೆ. ಅವನ್ನು ತಿನ್ನಲು ಬರುವ ಗುಲಗಂಜಿ ಹುಳಗಳನ್ನು ಓಡಿಸುತ್ತವೆ. ಹಳದಿ, ಕಪ್ಪು, ಇರುವೆ ಮೂರೂ ಬೇರೆ ಬೇರೆ ಕಾಯಿಲೆ ಅಂದುಕೊಂಡಿದ್ದೆವು. ಮೂರಕ್ಕೂ ಬುಡ ಒಂದೇ.

ನಾವು ಮಾಡಿದ ಕ್ರಮ ಹೀಗೆ.

ಮೊದಲಿಗೆ ಆ ಗಿಡವನ್ನು ಬೇರೆ ಹೂಗಿಡಗಳಿಂದ ದೂರ, ಹಿತ್ತಲ ಕಡೆಯ ನೆರಳಿಗೆ ಒಯ್ದೆವು. ಹಗ್ಗದ ನಡುವೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದೆವು. ಇರುವೆಯ ದಾರಿ ನಿಂತಿತು.

ಆಮೇಲೆ ಹಲ್ಲುಜ್ಜುವ ಹಳೇ ಬ್ರಷ್ಷಿನಿಂದ ಚಿಪ್ಪುಗಳನ್ನು ಮೆಲ್ಲಗೆ ಕೆರೆದು ತೆಗೆದೆವು. ಇದೇ ದೊಡ್ಡ ಮದ್ದು. ಚಿಪ್ಪಿನ ಮೇಲೆ ಏನು ಸಿಂಪಡಿಸಿದರೂ ಒಳಗಿನ ಹುಳಕ್ಕೆ ಸರಿಯಾಗಿ ತಾಗುವುದಿಲ್ಲ. ಸಂದಿಯಲ್ಲಿ ಬ್ರಷ್ಷು ಹೋಗದ ಕಡೆ ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ಹತ್ತಿ ಅದ್ದಿ ಅಮ್ಮ ಒರೆಸಿದರು. ಸ್ಪಿರಿಟ್ಟು ಬೇರಿಗೆ ಸುರಿಯಬಾರದು. ಒಲೆ, ದೀಪದ ಹತ್ತಿರ ಇಡಲೇಬಾರದು, ಮಕ್ಕಳ ಕೈಗೆ ಕೊಡಬಾರದು.

ಮೂರನೆಯದು ಅಂಟುವಾಳ. ಹಿಂದೆ ತಲೆ ತೊಳೆಯಲು, ರೇಷ್ಮೆ ಸೀರೆ ಒಗೆಯಲು ಬಳಸುತ್ತಿದ್ದ ಕಾಯಿ. ಎಂಟು ಕಾಯಿಯ ಸಿಪ್ಪೆಯನ್ನು ರಾತ್ರಿ ಒಂದು ಲೀಟರ್ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿದರೆ ನೊರೆನೀರು. ಅದರಲ್ಲಿ ಬಟ್ಟೆ ಅದ್ದಿ ಎಲೆಯ ಎರಡೂ ಮಗ್ಗುಲು ಒರೆಸಿ, ಅರ್ಧ ಗಂಟೆ ಬಿಟ್ಟು ಒಳ್ಳೆ ನೀರಿನಿಂದ ತೊಳೆದೆವು. ಅಂಟೂ ಹೋಯಿತು, ಮಸಿಯೂ ಹೋಯಿತು.

ಕೊನೆಗೆ ಬೇವಿನ ಎಣ್ಣೆ. ಒಂದು ಲೀಟರ್ ಬೆಚ್ಚನೆ ನೀರಿಗೆ ಒಂದು ಟೀ ಚಮಚ ಎಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯಲು ಸ್ವಲ್ಪ ಅಂಟುವಾಳದ ನೀರು. ಇದನ್ನು ಮೊದಲು ಒಂದೇ ಎಲೆಗೆ ಹಚ್ಚಿ ಎರಡು ದಿನ ನೋಡಿದೆವು. ಎಲೆ ಸುಡಲಿಲ್ಲ ಅಂತ ಆದ ಮೇಲೆ ಉಳಿದದ್ದಕ್ಕೆ. ಬಿಸಿಲಿರುವಾಗ ಹೊಡೆದರೆ ಎಲೆ ಸುಡುತ್ತದೆ, ಅದಕ್ಕೇ ಸಂಜೆ ಹೊತ್ತು. ಬೇವು ಹುಳವನ್ನು ತಕ್ಷಣ ಕೊಲ್ಲುವುದಿಲ್ಲ. ಅದು ತಿನ್ನದ ಹಾಗೆ, ಬೆಳೆಯದ ಹಾಗೆ ಮಾಡುತ್ತದೆ. ಆದ್ದರಿಂದ ತಾಳ್ಮೆ ಬೇಕು.

ಎಂಟು ದಿನಕ್ಕೊಮ್ಮೆ, ನಾಲ್ಕು ಭಾನುವಾರ ಇದೇ ಕೆಲಸ. ಒಂದೇ ಸಲ ಮಾಡಿ ಬಿಟ್ಟರೆ ಪ್ರಯೋಜನ ಇಲ್ಲ. ತಾಯಿ ಸತ್ತರೂ ಚಿಪ್ಪಿನ ಅಡಿಯಲ್ಲಿ ಮೊಟ್ಟೆ ಇರುತ್ತವೆ. ಎರಡನೇ ವಾರ ಭೂತಗನ್ನಡಿಯಲ್ಲಿ ನೋಡಿದಾಗ ತಿಳಿಹಳದಿ ಚುಕ್ಕೆಗಳು ಹರಿದಾಡುತ್ತಿದ್ದವು. ಅವು ಮರಿಗಳು. ಇನ್ನೂ ಚಿಪ್ಪು ಕಟ್ಟಿರುವುದಿಲ್ಲವಾದ್ದರಿಂದ ಸೋಪಿನ ನೀರಿಗೂ ಸಾಯುವ ಕಾಲ ಅದೊಂದೇ. ನಾಲ್ಕನೇ ವಾರ ಉಗುರಿನಿಂದ ಕೆರೆದರೆ ಚಿಪ್ಪು ಒಣ ಹೊಟ್ಟಿನ ಹಾಗೆ ಉದುರಿತು. ಬದುಕಿದ್ದರೆ ಪಸೆ ಪಸೆ ಆಗುತ್ತದೆ.

ಇದು ಮುಗಿಯಿತು ಅನ್ನುವಷ್ಟರಲ್ಲಿ ಮಳೆ ಹಿಡಿಯಿತು. ಆರಿದ್ರಾ ಮಳೆಗೆ ಅಮ್ಮ ನರ್ಸರಿಯಿಂದ ತಂದ ಡೆಂಡ್ರೋಬಿಯಂ ಆರ್ಕಿಡ್ಡಿನ ಎಲೆಯಲ್ಲಿ ನೀರು ತುಂಬಿದ ಹಾಗೆ ಕಪ್ಪು ಮಚ್ಚೆ ಬಂತು. ಎರಡು ದಿನದಲ್ಲಿ ಅಂಗೈ ಅಗಲ ಆಯಿತು, ಕೆಟ್ಟ ವಾಸನೆ ಬೇರೆ. ಇದು ಹುಳ ಅಲ್ಲ, ಬ್ಯಾಕ್ಟೀರಿಯಾದ ಕೊಳೆ. ಇದಕ್ಕೆ ಬೇವೂ ಇಲ್ಲ, ಅಂಟುವಾಳವೂ ಇಲ್ಲ. ಒದ್ದೆಯೇ ಇದರ ಬಲ. ಅಮ್ಮ ಬ್ಲೇಡನ್ನು ಬೆಂಕಿಯಲ್ಲಿ ಕಾಯಿಸಿ ಆರಿಸಿ, ಮಚ್ಚೆಯಿಂದ ಒಂದು ಬೆರಳು ಈಚೆಗೆ, ಹಸಿರು ಇರುವ ಕಡೆ ಕತ್ತರಿಸಿದರು. ಪ್ರತಿ ಸಲ ಕತ್ತರಿಸುವಾಗಲೂ ಬ್ಲೇಡು ಮತ್ತೆ ಕಾಯಿಸಬೇಕು. ಗಾಯಕ್ಕೆ ಚಕ್ಕೆ ಪುಡಿ ಒತ್ತಿದರು. ಸಾರಿನ ಮಸಾಲೆಗೆ ಹಾಕುವ ಚಕ್ಕೆಯೇ. ಅದು ಗಾಯವನ್ನು ಒಣಗಿಸುತ್ತದೆ, ಬೂಷ್ಟು ಹತ್ತಲು ಬಿಡುವುದಿಲ್ಲ. ಬೇರಿಗೆ ಮಾತ್ರ ತಾಗಿಸಬಾರದು, ಬೇರೂ ಒಣಗುತ್ತದೆ. ಗಿಡವನ್ನು ಮಳೆ ಬೀಳದ, ಗಾಳಿಯಾಡುವ ಕಡೆ ಇಟ್ಟು ಹತ್ತು ದಿನ ನೀರು ನಿಲ್ಲಿಸಿದರು. ಎರಡು ಎಲೆ ಹೋಯಿತು, ಗಿಡ ಉಳಿಯಿತು.

ಆಗ ಅಪ್ಪ ತೋಟಕ್ಕೆ ಎರಡನೇ ಸಲ ಬೋರ್ಡೋ ಹೊಡೆಸುತ್ತಿದ್ದರು. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು ನೂರು ಲೀಟರ್. ಅಡಿಕೆಯ ಕೊಳೆರೋಗಕ್ಕೆ ಇದನ್ನು ಸುಮಾರು 1910ರ ಹೊತ್ತಿಗೆ ನಮ್ಮವರಿಗೆ ಹೇಳಿಕೊಟ್ಟವರು ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. "ಅದನ್ನೇ ಒಂದು ಚೊಂಬು ಇದಕ್ಕೂ ಹಾಕಿದ್ರೆ?" ಅಂತ ಕೆಲಸದವರೊಬ್ಬರು ಕೇಳಿದರು. ಅಡಿಕೆಗೆ ಅದು ಅಮೃತ. ಆದರೆ ತಾಮ್ರದ ಅಂಶ ಡೆಂಡ್ರೋಬಿಯಂಗೆ ಆಗಿಬರುವುದಿಲ್ಲ, ಎಲೆ ಸುಟ್ಟು ಉದುರುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ವಿಷ.

ಎಲೆ ನೋಡಿ ತಿಳಿದುಕೊಳ್ಳಬೇಕಾದ ಇನ್ನು ಕೆಲವು ಸಂಗತಿಗಳು:

1. ಎಲ್ಲಕ್ಕಿಂತ ಕೆಳಗಿನ ಎಲೆ ಒಂದೇ ನಿಧಾನಕ್ಕೆ ಹಳದಿಯಾದರೆ ಅದು ಮುಪ್ಪು. ಮದ್ದು ಬೇಡ.

2. ಬಿಸಿಲು ಬೀಳುವ ಮಗ್ಗುಲಲ್ಲಿ ಬಿಳಿಚಿ ಅಥವಾ ಕಂದಾಗಿ, ಮಚ್ಚೆ ಬೆಳೆಯದೆ ಹಾಗೇ ನಿಂತರೆ ಅದು ಬಿಸಿಲು ಸುಟ್ಟಿದ್ದು. ಜಾಗ ಬದಲಿಸಿ.

3. ಎಲೆ ಸುಕ್ಕಾದರೆ ಬೇರು ನೋಡಿ. ಒಣಗಿದಾಗ ಬೆಳ್ಳಿ ಬಣ್ಣ, ನೀರು ಬಿದ್ದಾಗ ಹಸಿರು ಆದರೆ ಬೇರು ಚೆನ್ನಾಗಿದೆ, ನೀರು ಸಾಲದು. ಕಂದಾಗಿ ಮೆತ್ತಗಿದ್ದರೆ ನೀರು ಹೆಚ್ಚಾಗಿದೆ.

4. ಬೇಸಿಗೆಯಲ್ಲಿ ಎಲೆಯ ಅಡಿ ಬೂದಿ ಹಚ್ಚಿದಂತಾಗಿ ಸಣ್ಣ ಬಲೆ ಕಂಡರೆ ಅದು ನುಸಿ. ಬಿಳಿ ಹಾಳೆಯ ಮೇಲೆ ಎಲೆ ತಟ್ಟಿದರೆ ಚುಕ್ಕೆಗಳು ಓಡಾಡುತ್ತವೆ. ನುಸಿಗೆ ತೇವ ಕಂಡರೆ ಆಗದು. ದಿನಾ ಬೆಳಿಗ್ಗೆ ಎಲೆಯ ಅಡಿಗೆ ನೀರು ಎರಚಿ ತೊಳೆಯಿರಿ.

5. ಸಂದಿಯಲ್ಲಿ ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟು ತಿಗಣೆ. ಶಲ್ಕ ಕೀಟಕ್ಕೆ ಮಾಡಿದ್ದನ್ನೇ ಮಾಡಿ.

6. ಎಲೆ ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ ಹಚ್ಚಬೇಡಿ. ಎಲೆ ಉಸಿರಾಡುವ ರಂಧ್ರಗಳು ಮುಚ್ಚುತ್ತವೆ. ಬಟ್ಟೆ ಒಗೆಯುವ ಪುಡಿ, ಸೀಮೆಎಣ್ಣೆ ಎರಡೂ ಬೇಡ.

7. ಹೊಗೆಸೊಪ್ಪಿನ ಕಷಾಯ ಮನೆಮದ್ದು ಅಂತ ಹೇಳುವವರಿದ್ದಾರೆ. ಅದರೊಳಗಿನ ನಿಕೋಟಿನ್ ಮನುಷ್ಯರಿಗೂ ವಿಷ, ಚರ್ಮದ ಮೂಲಕವೂ ಮೈಗೆ ಸೇರುತ್ತದೆ. ಮನೆಯಲ್ಲಿ ಕುದಿಸಿದ ಮಾತ್ರಕ್ಕೆ ಯಾವುದೂ ಸೌಮ್ಯ ಆಗುವುದಿಲ್ಲ.

8. ವೈರಸ್ ರೋಗಕ್ಕೆ ಮದ್ದೇ ಇಲ್ಲ. ಅದು ಬ್ಲೇಡಿನಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಬ್ಲೇಡು ಕಾಯಿಸುವುದು ಅದಕ್ಕಾಗಿಯೂ ಹೌದು.

ಈಗ ಅಜ್ಜಿಯ ಗಿಡದ ವಿಷಯ. ಮೊದಲೆಲ್ಲ ಮೂರು ದಂಡೆ ಬಿಡುತ್ತಿತ್ತು. ಈ ವರ್ಷ ಒಂದೇ ಬಂತು, ಅದೂ ಗಿಡ್ಡ. ಆದರೆ ಹೊಸ ಬೇರು ಎರಡು ಹೊರಟಿವೆ, ತುದಿ ಹಸಿರಾಗಿದೆ. ಬೇರು ಬಂದರೆ ಗಿಡ ಗೆದ್ದ ಹಾಗೆ ಅಂತ ಮೇಷ್ಟ್ರು ಹೇಳಿದರು. ಅಜ್ಜಿಗೆ ಕಣ್ಣು ಮಂಜು. ಹೂವನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ಎಣಿಸಿದರು. "ಅಪ್ಪಯ್ಯ ಇದನ್ನ ಮಡಿಲಲ್ಲಿ ಇಟ್ಕೊಂಡು ಗಾಡಿಲಿ ಕೂತಿದ್ರು ಕೂಸೆ. ನನ್ನನ್ನ ನಡೆಸ್ಕೊಂಡು ಬಂದ್ರು" ಅಂತ ನಕ್ಕರು.

"ಹೋದರೆ ಹೋಯ್ತು, ಕಾಡಲ್ಲಿ ಬೇಕಾದಷ್ಟಿದೆ, ಇನ್ನೊಂದು ತಂದ್ರಾಯ್ತು" ಎಂದು ಆಗ ಕೆಲವರು ಹೇಳಿದ್ದರು. ಕಾಡಿನಲ್ಲಿ ಬೇಕಾದಷ್ಟು ಇಲ್ಲ. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಊಟದ ಗಂಟು ಇಲ್ಲ. ತೊಗಟೆಯಲ್ಲಿ ಅದಕ್ಕೆ ಹೊಂದುವ ಶಿಲೀಂಧ್ರ ಸಿಕ್ಕಿದರೆ ಮಾತ್ರ ಮೊಳೆಯುತ್ತದೆ, ಹೂ ಬಿಡಲು ವರ್ಷಗಟ್ಟಲೆ ಬೇಕು. ಮೀಸಲು ಅರಣ್ಯದಿಂದ ಕೀಳುವುದು ಕಾನೂನಿಗೂ ವಿರುದ್ಧ. ಗಾಳಿಮಳೆಗೆ ರಸ್ತೆಗೆ ಮುರಿದು ಬಿದ್ದ ಕೊಂಬೆಯ ಮೇಲೆ ಸೀತಾಳೆ ಇದ್ದರೆ, ಅದನ್ನು ಎತ್ತಿ ಹತ್ತಿರದ ಮರಕ್ಕೇ ಕಟ್ಟಿ. ಮನೆಯಲ್ಲಿ ಇರುವುದಕ್ಕೆ ಕಾಯಿಲೆ ಬಂದರೆ ವಾರಕ್ಕೊಂದು ಗಂಟೆ ಕೊಡಿ. ಬ್ರಷ್ಷು, ಅಂಟುವಾಳ, ಬೇವು ಇಷ್ಟೇ ಖರ್ಚು.

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಭೂತಗನ್ನಡಿ ಮೂರಿವೆ. ಮೇಷ್ಟ್ರನ್ನು ಕೇಳಿದರೆ ಶನಿವಾರ ಕೊಟ್ಟು ಸೋಮವಾರ ವಾಪಸ್ ತಗೊಳ್ತಾರೆ. ನಿಮ್ಮ ಮನೆಯ ಹೂಗಿಡದ ಎಲೆಯ ಅಡಿಯಲ್ಲಿ ಏನಿದೆ ಅಂತ ನೋಡಿ, ಮುಂದಿನ ಸಂಚಿಕೆಗೆ ಬರೆದು ಕೊಡಿ.

— ಹತ್ತನೇ ತರಗತಿಯ ವಿದ್ಯಾರ್ಥಿನಿ